ರಿಂಗು ತಿರುಗಿಸುವ ಮೊದಲು

(ಯಲ್ಲಾಪುರದಿಂದ ಅಂಕೋಲೆ ಕಡೆ ಹೊರಟರೆ ಅರಬೈಲ್ ಘಟ್ಟ ಇಳಿಯುವ ಮೊದಲು ಸಿಗುವ ಊರು ಇಡಗುಂದಿ. ಅಲ್ಲಿಯ ಒಂದು ಮನೆಯ ಜಗಲಿ. ಮಾವ ಅಡಿಕೆ ತೋಟದವರು, ರೋಲಿನ ಕಾಲದಿಂದ ಫೋಟೊ ತೆಗೆದವರು. ಅಳಿಯ ಬೆಂಗಳೂರಿನಿಂದ ಬಂದವನು, ಅವನ ಕೈಯಲ್ಲಿ ಹೊಸ ಮಿರರ್‌ಲೆಸ್ ಕ್ಯಾಮೆರಾ. ನಡುವೆ ಚಾಪೆಯ ಮೇಲೆ ನಾಲ್ಕು ಹಳೇ ನಿಕಾನ್ ಲೆನ್ಸು: 28, 50, 105, 300 ಮಿಲಿಮೀಟರ್.)

ಅಳಿಯ: ಮಾವ, ನೇರವಾಗಿಯೇ ಕೇಳ್ತೇನೆ. ನನ್ನ ಕ್ಯಾಮೆರಾ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡ್ತದೆ. ಹಾಗಿದ್ದಮೇಲೆ ಈ ಲೆನ್ಸು ಹಾಕಿಕೊಂಡು ಕೈಯಲ್ಲಿ ರಿಂಗು ತಿರುಗಿಸೋದು ಯಾಕೆ?

ಮಾವ: ಹಾರುವ ಹಕ್ಕಿಗೆ ಬೇಡ ತಮಾ. ಅದಕ್ಕೆ ನಿನ್ನ ಕ್ಯಾಮೆರಾನೇ ಸರಿ. 1985ರಲ್ಲಿ ತಾನೇ ಫೋಕಸ್ ಮಾಡುವ ಮಿನೋಲ್ಟಾ 7000 ಕ್ಯಾಮೆರಾ ಬಂದಾಗಲೇ ಆ ಕೆಲಸ ಯಂತ್ರಕ್ಕೆ ಹೋಗಬೇಕು ಅಂತ ತೀರ್ಮಾನ ಆಗಿತ್ತು. ಆದರೆ ನೀನು ತೆಗೆಯೋದೆಲ್ಲ ಹಾರುವ ಹಕ್ಕಿಯೇ ಅಲ್ಲವಲ್ಲ. ಕೊನೆಗೌಡ ಮರದ ತುದಿಯಲ್ಲಿ ಕೊನೆ ಕೊಯ್ದು ಹಗ್ಗದ ಮೇಲೆ ಕೆಳಗೆ ಬಿಡ್ತಾನೆ ಅಂತಿಟ್ಟುಕೋ. ಅವನ ಮುಖ ಸ್ಪಷ್ಟ ಇರಬೇಕೋ, ಕತ್ತಿ ಹಿಡಿದ ಕೈಯೋ, ಜಾರಿ ಬರುವ ಕೊನೆಯೋ? ಕ್ಯಾಮೆರಾಕ್ಕೆ ಕೇಳಿದರೆ ಅದು ಮುಖ ಅಂತದೆ, ಮುಖ ಸಿಗದಿದ್ದರೆ ಮುಂದೆ ಅಡ್ಡ ಬಂದ ಸೋಗೆ ಅಂತದೆ. ಈ ಲೆನ್ಸು ಏನೂ ಹೇಳೋದಿಲ್ಲ. ನೀನೇ ಮೊದಲು ಯೋಚಿಸಬೇಕಾಗ್ತದೆ.

ಅಳಿಯ: ಆಟೋಫೋಕಸ್‌ನಲ್ಲೂ ನಾನು ಬೇಕಾದ ಬಿಂದು ಆರಿಸಬಹುದು.

ಮಾವ: ಆರಿಸಬಹುದು. ಆರಿಸ್ತೀಯಾ?

ಅಳಿಯ: ಆತುರದಲ್ಲಿ ಇಲ್ಲ. ಸರಿ, ಬಳಸಿ ನೋಡೋಣ ಅಂತಲೇ ಅಡಾಪ್ಟರ್ ತಂದಿದ್ದೇನೆ. ಆದರೆ ಒಂದು ತೊಂದರೆ. ನಿನ್ನೆ ಮಾಗೋಡಿಗೆ ಹೋಗಿದ್ದೆ. ಜಲಪಾತ ಅಷ್ಟು ದೂರ, ಕಣಿವೆಯ ಆಚೆ. 28 ಹಾಕಿ ರಿಂಗನ್ನು ಅನಂತದ ಗುರುತಿಗೆ ತಿರುಗಿಸಿ ಇಟ್ಟೆ. ಮನೆಗೆ ಬಂದು ನೋಡಿದರೆ ಎಲ್ಲ ಮಸುಕು. 300ರಲ್ಲಿ ಅದೇ ಅನಂತದ ಗುರುತಿಗೆ ಇಟ್ಟು ತೆಗೆದದ್ದು ಪರವಾಗಿಲ್ಲ. ದೊಡ್ಡ ಲೆನ್ಸೇ ಕಷ್ಟ, ಸಣ್ಣದು ಸುಲಭ ಅಂತ ಎಲ್ಲರೂ ಹೇಳ್ತಾರೆ. ನನಗೆ ತಿರುಗಾಮುರುಗಾ ಆಯಿತಲ್ಲ?

ಮಾವ: ಅಡಾಪ್ಟರ್ ಕೊಡು ಇಲ್ಲಿ. ನೋಡು, ನಿಕಾನ್ ಎಫ್ ಮೌಂಟ್ ಹುಟ್ಟಿದ್ದು 1959ರಲ್ಲಿ. ಲೆನ್ಸಿನ ಕೊರಳಿಂದ ರೋಲಿನ ಮೈಗೆ 46.5 ಮಿಲಿಮೀಟರ್. ನಡುವೆ ಕನ್ನಡಿ ಏಳಬೇಕು, ಅದಕ್ಕೆ ಅಷ್ಟು ಜಾಗ. ನಿನ್ನ ಸೋನಿಯಲ್ಲಿ ಕನ್ನಡಿ ಇಲ್ಲ, ಅಂತರ ಬರೀ 18. ಉಳಿದ 28.5 ಮಿಲಿಮೀಟರನ್ನು ಈ ಲೋಹದ ಬಳೆ ತುಂಬಬೇಕು. ಇದರೊಳಗೆ ಗಾಜಿಲ್ಲ, ಏನಿಲ್ಲ. ಇದರ ಕೆಲಸ ದಪ್ಪವಾಗಿರೋದು ಅಷ್ಟೇ. ಆ ದಪ್ಪದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೆ ಲೆನ್ಸಿನ ಮೇಲೆ ಕೊರೆದ ಮೀಟರು, ಅಡಿ ಎಲ್ಲ ಸುಳ್ಳು.

ಅಳಿಯ: ಆದರೆ ಎರಡೂ ಲೆನ್ಸಿಗೆ ಅದೇ ಅಡಾಪ್ಟರ್. ತಪ್ಪು ಎರಡಕ್ಕೂ ಒಂದೇ ಆಗಬೇಕಲ್ಲ.

ಮಾವ: ತಪ್ಪು ಒಂದೇ, ಫಲ ಬೇರೆ. ಫೋಕಲ್ ಲೆಂಗ್ತ್‌ನ ವರ್ಗವನ್ನು ಆ ತಪ್ಪಿನಿಂದ ಭಾಗಿಸು, ಲೆನ್ಸು ನಿಜವಾಗಿ ಎಲ್ಲಿ ನೋಡ್ತಾ ಇದೆ ಅಂತ ಗೊತ್ತಾಗ್ತದೆ. ಬಳೆ 0.1 ಮಿಲಿಮೀಟರ್ ದಪ್ಪ ಹೆಚ್ಚಾಯಿತು ಅಂತ ಹಿಡಿ. 28ರ ವರ್ಗ 784. ಭಾಗಿಸಿದರೆ 7,840 ಮಿಲಿಮೀಟರ್. ಅಂದರೆ ನೀನು ಅನಂತ ಅಂತ ಇಟ್ಟದ್ದು ಹತ್ತಿರಹತ್ತಿರ 8 ಮೀಟರಿಗೆ ಫೋಕಸ್ ಆಗಿದೆ. ನಿನ್ನ ಎದುರಿದ್ದ ಕಬ್ಬಿಣದ ಬೇಲಿಯ ಹತ್ತಿರ ಎಲ್ಲೋ! 300ಕ್ಕೆ ಅದೇ ಲೆಕ್ಕ ಮಾಡು.

ಅಳಿಯ: 90,000ವನ್ನು 0.1ರಿಂದ... 9 ಲಕ್ಷ ಮಿಲಿಮೀಟರ್. 900 ಮೀಟರ್!

ಮಾವ: ಜಲಪಾತದ ಆಸುಪಾಸಿನ ದೂರವೇ ಆಯಿತು. ಹಾಗಾಗಿ ಅದು ಬಚಾವ್.

ಅಳಿಯ: ಆದರೆ ಪೇಟೆಯಲ್ಲಿ ಸಿಗುವ ಅಡಾಪ್ಟರ್ ಹೆಚ್ಚಿನವು ಬೇಕೆಂದೇ ಚೂರು ತೆಳ್ಳಗೆ ಮಾಡಿರ್ತಾರಂತೆ.

ಮಾವ: ಹೌದು. ದಪ್ಪವಾದರೆ ಅನಂತ ಸಿಗೋದೇ ಇಲ್ಲ, ಲೆನ್ಸು ಉಪಯೋಗಕ್ಕೇ ಬರೋದಿಲ್ಲ. ತೆಳ್ಳಗಾದರೆ ಅನಂತ ಗುರುತಿಗಿಂತ ಮೊದಲೇ ಬಂದುಹೋಗ್ತದೆ. ಆಗ ಗುರುತಿನ ತನಕ ತಿರುಗಿಸಿದವ ಅನಂತವನ್ನೂ ದಾಟಿ ಹೋಗಿರ್ತಾನೆ, ಯಾವುದೂ ಸ್ಪಷ್ಟ ಬರೋದಿಲ್ಲ. ನಿನ್ನದು ದಪ್ಪವೋ ತೆಳುವೋ ಅಂತ ತಿಳಿಯೋದು ಸುಲಭ. 28 ಹಾಕು, ಅಪರ್ಚರ್ ಪೂರ್ತಿ ತೆಗೆ, ಎದುರು ಗುಡ್ಡದ ನೆತ್ತಿಯ ಮರವನ್ನು ಪರದೆಯಲ್ಲಿ ಹಿಗ್ಗಿಸಿ ನೋಡ್ತಾ ರಿಂಗು ತಿರುಗಿಸು. ಗುರುತಿಗೆ ಮೊದಲೇ ಮರ ಸ್ಪಷ್ಟವಾದರೆ ಬಳೆ ತೆಳು. ಕೊನೆ ಮುಟ್ಟಿದರೂ ಆಗದಿದ್ದರೆ ದಪ್ಪ.

ಅಳಿಯ: ಯಾವುದೇ ಹಳೇ ಲೆನ್ಸು ಯಾವುದೇ ಕ್ಯಾಮೆರಾಕ್ಕೆ ಕೂರ್ತದಾ ಹಾಗಾದರೆ?

ಮಾವ: ಕನ್ನಡಿ ಇಲ್ಲದ ಕ್ಯಾಮೆರಾಕ್ಕೆ ಹೆಚ್ಚುಕಮ್ಮಿ ಎಲ್ಲ ಕೂರ್ತದೆ. ನಿಕಾನಿನದೇ ಹೊಸ ಝಡ್ ಮೌಂಟ್ ಅಂತರ 16, ಕ್ಯಾನನ್ ಆರ್‌ಎಫ್ 20. ಕನ್ನಡಿ ಇದ್ದ ಡಿಜಿಟಲ್ ಕ್ಯಾಮೆರಾದಲ್ಲೇ ಗೋಳು. ಕ್ಯಾನನ್‌ನವರು 1987ರಲ್ಲಿ ಇಎಫ್ ಮೌಂಟ್ ತಂದರು, ಅಂತರ 44. ಅವರದೇ ಹಳೇ ಎಫ್‌ಡಿ ಲೆನ್ಸಿಗೆ ಬೇಕಾದದ್ದು 42. ನಡುವೆ ಬಳೆ ಇಡೋದಕ್ಕೆ ಜಾಗವೇ ಇಲ್ಲ. ಸ್ವಂತ ಕಂಪನಿಯ ಲೆನ್ಸು ಸ್ವಂತ ಕ್ಯಾಮೆರಾಕ್ಕೆ ಅನಂತ ತೋರಿಸಲಿಲ್ಲ, ನಿಕಾನಿನ ಲೆನ್ಸು ಎರಡೂವರೆ ಮಿಲಿಮೀಟರ್ ಬಳೆ ಹಾಕಿದರೆ ಅದರಲ್ಲಿ ಆರಾಮ. ಇನ್ನೊಂದು, ನಿಕಾನ್ ರಿಂಗು ತಿರುಗುವ ದಿಕ್ಕಿಗೆ ಕ್ಯಾನನ್‌ದು ವಿರುದ್ಧ. ಎರಡನ್ನೂ ಕಲಸಿ ಇಟ್ಟುಕೊಂಡರೆ ಕೈಗೆ ರೂಢಿಯೇ ಆಗೋದಿಲ್ಲ. ಒಂದೇ ಮನೆತನದ್ದು ಇಟ್ಟುಕೋ.

ಅಳಿಯ: ಪೀಕಿಂಗ್ ಹಾಕಿಕೊಂಡರೆ ಇಷ್ಟೆಲ್ಲ ರಗಳೆ ಇಲ್ಲ ಅಂದುಕೊಂಡಿದ್ದೆ. ಸ್ಪಷ್ಟವಾದ ಜಾಗದಲ್ಲಿ ಕೆಂಪು ಅಂಚು ಮೂಡ್ತದಲ್ಲ.

ಮಾವ: 28ರಲ್ಲಿ ಎಷ್ಟು ಕೆಂಪು ಕಂಡಿತು?

ಅಳಿಯ: ಇಡೀ ಪರದೆ.

ಮಾವ: 300ರಲ್ಲಿ?

ಅಳಿಯ: ಏನೂ ಇಲ್ಲ. ರಿಂಗು ಚೂರು ಅಲುಗಿದರೆ ಒಮ್ಮೆ ಮಿಂಚಿ ಹೋಗ್ತದೆ.

ಮಾವ: ಅಲ್ದಾ! ಪೀಕಿಂಗ್ ನೋಡೋದು ಫೋಕಸ್ ಅಲ್ಲ, ಬೆಳಕು ಕತ್ತಲೆ ತಟ್ಟನೆ ಬದಲಾಗುವ ಅಂಚು. ಅಗಲ ಲೆನ್ಸಿನಲ್ಲಿ ಅರೆಬರೆ ಫೋಕಸ್ ಆದದ್ದಕ್ಕೂ ಅಂಚು ಇರ್ತದೆ, ಎಲ್ಲಕ್ಕೂ ಬಣ್ಣ ಬಳಿದು ನಿನ್ನನ್ನು ನಂಬಿಸ್ತದೆ. ಉದ್ದ ಲೆನ್ಸಿನಲ್ಲಿ, ಅದೂ ಮಳೆಗಾಲದ ಇಬ್ಬನಿ ಮುಸುಕಿದ ಕಾಡಿನಲ್ಲಿ, ಅಂಚೇ ಮೆತ್ತಗಿರ್ತದೆ. 50, 105ರಲ್ಲಿ ಅದು ಪ್ರಯೋಜನಕ್ಕೆ ಬರ್ತದೆ. ಅಲ್ಲೂ ಸುಮಾರಿಗೆ ಹತ್ತಿರ ತರಲಿಕ್ಕೆ ಮಾತ್ರ. ಕೊನೆಯ ಮಾತು ಹಿಗ್ಗಿಸಿ ನೋಡಿದ್ದರದ್ದೇ.

ಅಳಿಯ: ನಿಮಗೆ ರೋಲಿನ ಕಾಲದಲ್ಲಿ ಹಿಗ್ಗಿಸುವ ಸೌಕರ್ಯ ಇರಲಿಲ್ಲವಲ್ಲ.

ಮಾವ: ಬೇರೆ ಇತ್ತು. ವ್ಯೂಫೈಂಡರಿನ ನಡುವೆ ಒಂದು ಒಡೆದ ವೃತ್ತ. ಕಂಬದ ಮೇಲರ್ಧ ಒಂದು ಕಡೆ, ಕೆಳಗರ್ಧ ಇನ್ನೊಂದು ಕಡೆ ಕಾಣ್ತಿತ್ತು. ರಿಂಗು ತಿರುಗಿಸಿ ಎರಡನ್ನೂ ಕೂಡಿಸಿದರೆ ಫೋಕಸ್. ಅಡಿಕೆ ಮರ ಇದ್ದ ಊರಿಗೆ ಅದಕ್ಕಿಂತ ಒಳ್ಳೇದು ಬೇಡ, ಎಲ್ಲ ಕಡೆ ನೆಟ್ಟಗಿನ ಗೆರೆಯೇ! ಆದರೆ ಉದ್ದ ಲೆನ್ಸಿಗೆ ಆ ವೃತ್ತದ ಅರ್ಧ ಕಪ್ಪಾಗಿಬಿಡ್ತಿತ್ತು. ಎಫ್/5.6ರ ಆಚೆ ಬೆಳಕು ಸಾಲೋದಿಲ್ಲ. 300 ಹಾಕಿದಾಗ ಸುತ್ತಲಿನ ಉಜ್ಜಿದ ಗಾಜಿನ ಮೇಲೆ ಕಣ್ಣಂದಾಜು. ಆಮೇಲೆ ಬಂದ ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿ ಆ ವೃತ್ತ ತೆಗೆದುಬಿಟ್ಟರು, ಗಾಜನ್ನೂ ಬೆಳ್ಳಗೆ ಮಾಡಿದರು. ನೋಡಲು ಚೆಂದ, ಫೋಕಸ್ ಮಾಡಲು ಕೆಟ್ಟದು. 50ರ ಎಫ್/1.8ನ್ನು ಅದು ಎಫ್/2.8ರ ಹಾಗೆ ತೋರಿಸ್ತದೆ, ಕಣ್ಣಿಗೆ ಸ್ಪಷ್ಟ ಕಂಡದ್ದು ಚಿತ್ರದಲ್ಲಿ ಮಸುಕು. ಆ ದಿನಗಳಲ್ಲಿ ಎಷ್ಟೋ ಜನ ಒಳ್ಳೇ ಲೆನ್ಸುಗಳನ್ನು ಕೆಟ್ಟುಹೋಗಿದೆ ಅಂತ ಮಾರಿದರು. ತಪ್ಪು ಗಾಜಿನದ್ದಲ್ಲ, ಪರದೆಯದ್ದು. ಮಿರರ್‌ಲೆಸ್ ಬಂದಮೇಲೆ ಸೆನ್ಸರ್ ಕಂಡದ್ದನ್ನೇ ನೀನೂ ಕಾಣ್ತೀಯಾ. ನನ್ನ ಮಟ್ಟಿಗೆ ಈ ಲೆನ್ಸುಗಳಿಗೆ ಮರುಜೀವ ಬಂದದ್ದು ಅದರಿಂದ.

ಅಳಿಯ: 28ರ ಮೇಲಿನ ಈ ಬಣ್ಣದ ಗೆರೆಗಳು? ಯಾವ ಎಫ್ ಸಂಖ್ಯೆಗೆ ಎಲ್ಲಿಂದ ಎಲ್ಲಿಯ ತನಕ ಸ್ಪಷ್ಟ ಅಂತ ತೋರಿಸೋದಲ್ಲವಾ?

ಮಾವ: ಹೌದು, ಹೊಸ ಲೆನ್ಸಿನಲ್ಲಿ ಅಳಿಸಿಹೋದ ಸಂಪತ್ತು. ಅಡಿಕೆ ಸುಲಿಯುವಲ್ಲಿ ನಾನು 28 ಬಿಟ್ಟು ಬೇರೆ ಹಾಕೋದಿಲ್ಲ. ಎಫ್/5.6, ರಿಂಗು 2 ಮೀಟರ್. ನಿನ್ನ ಕ್ಯಾಮೆರಾದ ಸಣ್ಣ ಸೆನ್ಸರಿನಲ್ಲಿ ಒಂದೂವರೆಯಿಂದ ಎರಡೂಮುಕ್ಕಾಲು ಮೀಟರಿನ ತನಕ ಎಲ್ಲ ಸರಿ ಬರ್ತದೆ. ಇನ್ನು ರಿಂಗು ಮುಟ್ಟೋದಿಲ್ಲ. ಮೆಟ್ಟುಗತ್ತಿ ಹಿಡಿದು ಕೂತವರ ನಡುವೆ ಆ ದೂರದಲ್ಲಿ ಜಾಗ ಮಾಡಿಕೊಂಡು ಕೂರ್ತೇನೆ. ಮಾತು ಆಡ್ತಾ ಆಡ್ತಾ ಕ್ಯಾಮೆರಾ ಎತ್ತಿದರೆ ಫೋಕಸ್‌ಗೆ ಅಂತ ಒಂದು ಕ್ಷಣವೂ ತಡ ಇಲ್ಲ. ನಿನ್ನ ಆಟೋಫೋಕಸ್‌ಗೂ ಅಷ್ಟು ವೇಗ ಇಲ್ಲ.

ಅಳಿಯ: ಆ ಗೆರೆಗಳನ್ನು ಹಾಗೇ ನಂಬಬಹುದಾ?

ಮಾವ: ರೋಲಿನ ಪೂರ್ಣ ಚೌಕಟ್ಟು, ಸಾಮಾನ್ಯ ಅಳತೆಯ ಪ್ರಿಂಟು ಲೆಕ್ಕಕ್ಕಿಟ್ಟು ಕೊರೆದ ಗೆರೆ ಅವು. ನೀವು ಈಗ ಪರದೆಯಲ್ಲಿ ಮೂಗಿನ ತುದಿಯ ತನಕ ಹಿಗ್ಗಿಸಿ ನೋಡ್ತೀರಿ. ಎರಡು ಸ್ಟಾಪ್ ಬಿಗಿ ಮಾಡಿಕೋ. ಎಫ್/8 ಇಟ್ಟಾಗ ಎಫ್/4ರ ಗೆರೆ ಓದು. ಮತ್ತೆ ಬಳೆಯ ತಪ್ಪು ಇದ್ದರೆ ಗೆರೆಯೂ ಜಾರಿರ್ತದೆ, ಅದು ಗೊತ್ತೇ ಇದೆಯಲ್ಲ.

ಅಳಿಯ: 300ಕ್ಕೆ ಬರೋಣ. ನನಗೆ ಅದೇ ಹೆಚ್ಚು ಆಸೆ. ಮಂಗಟ್ಟೆ.

ಮಾವ: 10 ಮೀಟರಿನಲ್ಲಿ ಎಫ್/4.5ಕ್ಕೆ ನಿನಗೆ ಸಿಗುವ ಆಳ ಒಂದು ಗೇಣು. ಹಾರಿ ಬಂದು ಕೂರುವ ಮಂಗಟ್ಟೆಯನ್ನು ಆ ಗೇಣಿನೊಳಗೆ ರಿಂಗಿನಿಂದ ಹಿಡಿಯೋದು ನನ್ನಿಂದಾಗೋದಿಲ್ಲ. ಆದರೆ ಅದು ಎಲ್ಲಿ ಕೂರ್ತದೆ ಅಂತ ಗೊತ್ತಿದ್ದರೆ? ಹಣ್ಣು ಬಿಟ್ಟ ಅತ್ತಿಮರ, ಆಲದಮರ ನೋಡಿಟ್ಟುಕೋ. ಬಂದ ಹಕ್ಕಿ ತಿರುಗಿ ತಿರುಗಿ ಅದೇ ಟೊಂಗೆಗೆ ಬರ್ತದೆ. ಟೊಂಗೆಗೆ ಫೋಕಸ್ ಮಾಡಿ ಕಾಯಿ. ಗೂಡಿನ ಕಾಲದಲ್ಲಿ ಇನ್ನೂ ಖಚಿತ. ಹೆಣ್ಣು ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡು ಕೂತಿರ್ತದೆ, ಸೀಳಿನಷ್ಟೇ ಜಾಗ ಬಿಟ್ಟು. ಗಂಡು ಹಣ್ಣು ತಂದು ಆ ಸೀಳಿಗೇ ಕೊಡಬೇಕು. ಪೊಟರೆ ಎಲ್ಲೂ ಓಡಿಹೋಗೋದಿಲ್ಲವಲ್ಲ.

ಅಳಿಯ: ಗೂಡಿನ ಹತ್ತಿರ ಹೋಗೋದು ತಪ್ಪಲ್ಲವಾ ಮಾವ? ಗಂಡು ಹೆದರಿ ಬಾರದಿದ್ದರೆ ಒಳಗಿದ್ದ ತಾಯಿ, ಮರಿ ಎರಡೂ ಉಪವಾಸ.

ಮಾವ: ತಪ್ಪೇ. ಮರದ ಬುಡಕ್ಕೆ ಹೋಗಬೇಡ ಅಂತ ನಾನೇ ಹೇಳುವವನಿದ್ದೆ. ಆಚೆ ದಾಂಡೇಲಿಯಲ್ಲಿ 2011ರಲ್ಲಿ ಮಂಗಟ್ಟೆಗೆಂದೇ ಸಂರಕ್ಷಣಾ ಮೀಸಲು ಘೋಷಿಸಿದ್ದಾರೆ. ಅಷ್ಟು ಬೆಲೆಯ ಹಕ್ಕಿ. ದೂರ ನಿಂತರೆ ನಿನಗೂ ಒಳ್ಳೇದು, ಲೆಕ್ಕ ನೋಡು. 25 ಮೀಟರಿನಲ್ಲಿ, ಎಫ್/5.6ಕ್ಕೆ, ಗೇಣಿದ್ದ ಆಳ ಒಂದೂವರೆ ಮೀಟರ್ ಆಗ್ತದೆ. ಪೊಟರೆಯ ಸೀಳು, ಗಂಡಿನ ಕೊಕ್ಕು, ಬಾಲ ಎಲ್ಲ ಸ್ಪಷ್ಟ. ಚಿತ್ರದಲ್ಲಿ ಹಕ್ಕಿ ಸಣ್ಣದಾಗ್ತದೆ, ಸುತ್ತ ಕಾಡು ಕಾಣ್ತದೆ. ಕಾಡಿಲ್ಲದ ಮಂಗಟ್ಟೆಯ ಚಿತ್ರ ತೆಗೆದು ಏನು ಮಾಡ್ತೀಯಾ? ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿ ಫೋಟೊ ತೆಗೆದದ್ದು, ಟಿ.ಎನ್.ಎ. ಪೆರುಮಾಳ್ ಹೆಸರು ಮಾಡಿದ್ದು ರೋಲಿನ ಕಾಲದಲ್ಲಿ. ಆ ಕಾಲದವರಿಗೆ ಹಕ್ಕಿಯ ದಿನಚರಿ ಮೊದಲು, ರಿಂಗು ಆಮೇಲೆ. ಬೇರೆ ದಾರಿಯೇ ಇರಲಿಲ್ಲ.

ಅಳಿಯ: ಹಿಗ್ಗಿಸಿ ನೋಡಿದರೆ 300ರಲ್ಲಿ ಚಿತ್ರ ಕುಣೀತದೆ, ಟೊಂಗೆಯೇ ಕೈಗೆ ಸಿಗೋದಿಲ್ಲ.

ಮಾವ: ಕ್ಯಾಮೆರಾಕ್ಕೆ ಲೆನ್ಸು ಎಷ್ಟರದ್ದು ಅಂತ ಹೇಳಿದ್ದೀಯಾ? ಒಳಗೆ ಸೆನ್ಸರ್ ಅಲುಗಿಸಿ ನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ, ಹಳೇ ಲೆನ್ಸು ಅದಕ್ಕೆ ಏನೂ ತಿಳಿಸೋದಿಲ್ಲ. ಮೆನುವಿನಲ್ಲಿ 300 ಅಂತ ನೀನೇ ಬರೀಬೇಕು. 450 ಅಲ್ಲ. ಸಣ್ಣ ಸೆನ್ಸರಿಗೆ ಒಂದೂವರೆಯಿಂದ ಗುಣಿಸೋದು ನೋಟದ ಅಗಲಕ್ಕೆ ಮಾತ್ರ. ಲೆನ್ಸು ಬದಲಿಸಿ 50 ಹಾಕಿದಾಗ ಮರೆತು 300 ಬಿಟ್ಟರೆ ಯಂತ್ರವೇ ಚಿತ್ರವನ್ನು ಅಲುಗಿಸಿ ಕೆಡಿಸ್ತದೆ.

ಅಳಿಯ: ಅದನ್ನು ಬರೆದೇ ಇರಲಿಲ್ಲ. 105 ಹಾಕಿದಾಗಲೂ.

ಮಾವ: 105! ಅದು ನನ್ನ ಪ್ರೀತಿಯ ಲೆನ್ಸು. ಎಫ್/2.5. ಆಟಕ್ಕೆ ಅಂತಲೇ ಇಟ್ಟುಕೊಂಡದ್ದು.

ಅಳಿಯ: ಯಕ್ಷಗಾನಕ್ಕಾ? ಅಲ್ಲಿ ವೇಷ ಒಂದು ಕಡೆ ನಿಲ್ಲೋದೇ ಇಲ್ಲವಲ್ಲ. ಮಂಡಿ ಹಾಕ್ತಾ ಇಡೀ ರಂಗ ಸುತ್ತಿಬಿಡ್ತಾರೆ.

ಮಾವ: ನಿಲ್ಲೋದಿಲ್ಲ ಅಂತ ಹೇಳಿದವರು ಯಾರು? ಕಿವಿ ತೆರೆದು ಕೂತುಕೋ. ಭಾಗವತರು ಪದ್ಯ ಎತ್ತುತ್ತಾರೆ, ಕುಣಿತ ಏರ್ತದೆ, ಚಂಡೆಯಲ್ಲಿ ಬಿಡ್ತಿಗೆ ಬರ್ತದೆ. ಬಿಡ್ತಿಗೆ ಮುಗಿಯುವ ಪೆಟ್ಟಿಗೆ ವೇಷ ಒಂದು ಕಡೆ ನಿಂತೇ ನಿಲ್ತದೆ, ಕೈ ಒಂದು ಭಂಗಿಗೆ ಬಂದೇ ಬರ್ತದೆ. ಎಲ್ಲಿ ನಿಲ್ತದೆ? ಹೆಚ್ಚಾಗಿ ರಂಗದ ಮುಂಭಾಗ, ನಡುಮಧ್ಯ. ಅಲ್ಲಿ ಹಾಸಿದ ಜಮಖಾನದ ಒಂದು ಅಂಚು, ಒಂದು ಹೂವಿನ ಚಿತ್ತಾರ ಹಿಡಿದು ಮೊದಲೇ ಫೋಕಸ್ ಮಾಡಿಟ್ಟುಕೋ. ಪದ್ಯ ಮುಗೀಲಿಕ್ಕೆ ಬಂದಾಗ ಕ್ಯಾಮೆರಾ ಎತ್ತು. ಚಂಡೆಯ ಕೊನೆಯ ಪೆಟ್ಟಿಗೆ ಒತ್ತು, ಪೆಟ್ಟು ಕೇಳಿದಮೇಲೆ ಅಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೋಡಿದವರಿಗೆ ಗೊತ್ತು, ಅಷ್ಟು ಚುರುಕು ಕುಣಿತದ ನಡುವೆಯೂ ಆ ನಿಲುಗಡೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಇರ್ತಿತ್ತು. ನನಗೆ ಫೋಕಸ್ ಕಲಿಸಿದ್ದು ಪುಸ್ತಕ ಅಲ್ಲ, ಚಂಡೆ.

ಅಳಿಯ: ಕ್ಯಾಮೆರಾ ಮುಖ ಗುರುತಿಸಿದರೆ ಇದೆಲ್ಲ ಬೇಡವಲ್ಲ?

ಮಾವ: ರಾಜವೇಷ, ಸ್ತ್ರೀವೇಷದ ಮುಖ ಗುರುತಿಸೀತು. ರಾಕ್ಷಸ ವೇಷದ ಬಣ್ಣದ ಮುಖವನ್ನು ಮುಖ ಅಂತ ಒಪ್ಪದೆ ಹೋದರೆ? ಕಿರೀಟದ ಮಿಣಿಮಿಣಿಗೆ ಹೋಗಿ ಅಂಟಿಕೊಳ್ತದೆ. ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲ ಹೊಳೆಯುವ ವಸ್ತುವೇ, ನಡುವೆ ಕಣ್ಣು ಎರಡು ಮಾತ್ರ ಹೊಳಪಿಲ್ಲದ್ದು. ನೀನು ರಂಗದಿಂದ 6 ಮೀಟರ್ ಕೂತಿದ್ದರೆ 105ರಲ್ಲಿ ಎಫ್/2.5ಕ್ಕೆ ಆಳ ಒಂದಡಿ ಚಿಲ್ಲರೆ. ಎಫ್/4ಕ್ಕೆ ಒಂದೂಮುಕ್ಕಾಲು ಅಡಿ. ನಾನು ಎಫ್/4. ವೇಷಧಾರಿ ಮುಂದೆ ಚಾಚಿದ ಕೈ ಮಸುಕಾದರೂ ಕಣ್ಣು, ಕಿರೀಟ ಎರಡೂ ಅದರೊಳಗೆ ಬರ್ತವೆ.

ಅಳಿಯ: ಎಫ್/4 ಇಟ್ಟುಕೊಂಡೇ ಫೋಕಸ್ ಮಾಡೋದಾ, ಪೂರ್ತಿ ತೆಗೆದು ಮಾಡಿ ಆಮೇಲೆ ಮುಚ್ಚೋದಾ?

ಮಾವ: ಪೂರ್ತಿ ತೆಗೆದು ಮಾಡು. ಆಗ ಸ್ಪಷ್ಟಕ್ಕೂ ಮಸುಕಿಗೂ ವ್ಯತ್ಯಾಸ ತಟ್ಟನೆ ಗೊತ್ತಾಗ್ತದೆ. ಆಮೇಲೆ ಅಪರ್ಚರ್ ರಿಂಗನ್ನು ಕತ್ತಲೆಯಲ್ಲಿ ಬೆರಳಿನಲ್ಲೇ ಎಣಿಸು. 2.5ರಿಂದ ಒಂದು ಕ್ಲಿಕ್ಕಿಗೆ 4, ಮೂರು ಕ್ಲಿಕ್ಕಿಗೆ 8. ಕೆಲವು ಹಳೇ ಲೆನ್ಸುಗಳಲ್ಲಿ ಮುಚ್ಚುವಾಗ ಫೋಕಸ್ ಚೂರು ಹಿಂದೆ ಜಾರೋದುಂಟು. ಹತ್ತಿರದ ವಸ್ತುವಿಗೆ ಹಾಗಾದರೆ ಮುಚ್ಚಿಕೊಂಡೇ ಮತ್ತೊಮ್ಮೆ ಹಿಗ್ಗಿಸಿ ನೋಡು. ಆಟಕ್ಕೆ ಅಷ್ಟು ಬೇಡ.

ಅಳಿಯ: ಈ 50ರ ಒಳಗೆ ಏನೋ ಜೇಡರ ಬಲೆ ಹಾಗೆ ಇದೆಯಲ್ಲ, ಮಾವ? ಟಾರ್ಚ್ ಬಿಟ್ಟು ನೋಡಿದೆ.

ಮಾವ: ಬೂಷ್ಟು. ನಮ್ಮ ಮಳೆಗಾಲದ ಉಡುಗೊರೆ. ಚರ್ಮದ ಚೀಲದಲ್ಲಿ ಹಾಕಿ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರೆ ಇಲ್ಲಿ ಯಾವ ಲೆನ್ಸೂ ಉಳಿಯೋದಿಲ್ಲ. ಚರ್ಮವೇ ತೇವ ಹಿಡಿದಿಟ್ಟುಕೊಳ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಹುರಿದು ಮತ್ತೆ ಹಾಕೋದು. ಅಡಿಕೆ ಅಟ್ಟದ ಬೆಚ್ಚಗಿನಲ್ಲಿ ಇಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡ, ಹೊಗೆ ಗಾಜಿನ ಮೇಲೆ ಕೂರ್ತದೆ. ನೀನು ಕೇಳುವ ವಿಷಯಕ್ಕೂ ಇದಕ್ಕೂ ಸಂಬಂಧ ಇದೆ. ಬೂಷ್ಟು ಹಿಡಿದ ಲೆನ್ಸಿನಲ್ಲಿ ಬೆಳಕು ಚದುರಿ ಅಂಚು ತೆಳುವಾಗ್ತದೆ. ಆಗ ಪೀಕಿಂಗ್ ಕೆಂಪು ಮೂಡೋದೇ ಇಲ್ಲ, ನೀನು ಕ್ಯಾಮೆರಾವನ್ನು ಬಯ್ತೀಯಾ.

ಅಳಿಯ: ಇದನ್ನು ಎಸೆಯೋದಾ?

ಮಾವ: ಎಸೆಯೋದಕ್ಕೆ ಏನಾಗಿದೆ? ಅಂಚಿನಲ್ಲಿ ಮಾತ್ರ ಇದೆ. ತಿರುಗಿಸಿ ಹಾಕಿದರೆ ಹತ್ತಿರದ ಚಿತ್ರಕ್ಕೆ ಸಾಕು. ಮುಂದಿನ ಬಾಯಿಯನ್ನು ಕ್ಯಾಮೆರಾ ಕಡೆ ಮಾಡಿ ಕೂರಿಸುವ ಬಳೆ ಸಿಗ್ತದೆ. ಕುಂಬಾರ ಕಪ್ಪೆ ನೋಡಿದ್ದೀಯಾ?

ಅಳಿಯ: ಓದಿದ್ದೇನೆ. ಸಿದ್ದಾಪುರದ ಕತ್ತಲೆಕಾನಿನದ್ದು. 2014ರಲ್ಲಿ ಗುರುರಾಜ ಮತ್ತು ಸಂಗಡಿಗರು ಹೊಸ ಪ್ರಭೇದ ಅಂತ ವಿವರಿಸಿದ್ದು. ಗಂಡು ಕಪ್ಪೆ ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗೆ ಮೆತ್ತುತ್ತದೆ.

ಮಾವ: ರಾತ್ರಿ, ಹಳ್ಳದ ಮಗ್ಗುಲಲ್ಲಿ. ಅಂಥ ಜೀವಿಯನ್ನು ನಿಜ ಗಾತ್ರದಲ್ಲಿ ತೆಗೆಯುವಾಗ ಎಫ್/8ರಲ್ಲೂ ಆಳ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಅಲ್ಲಿ ರಿಂಗು ತಿರುಗಿಸಿದರೆ ಚಿತ್ರದ ಗಾತ್ರ ಬದಲಾಗ್ತದೆಯೇ ಹೊರತು ಫೋಕಸ್ ಕೈಗೆ ಹತ್ತೋದಿಲ್ಲ. ತಿರುಗಿಸಿ ಹಾಕಿದ ಲೆನ್ಸಿನಲ್ಲಂತೂ ರಿಂಗು ಏನೂ ಮಾಡೋದಿಲ್ಲ. ಮೊಣಕೈ ನೆಲಕ್ಕೆ ಊರಿ, ಉಸಿರು ಬಿಡ್ತಾ ಇಡೀ ಮೈಯನ್ನು ಕೂದಲೆಳೆ ಮುಂದೆ, ಕೂದಲೆಳೆ ಹಿಂದೆ. ಕಣ್ಣಿನ ಮೇಲಿನ ಬೆಳಕಿನ ಚುಕ್ಕೆ ಸೂಜಿಮೊನೆಯಾದಾಗ ಒತ್ತೋದು.

ಅಳಿಯ: ಮೊಟ್ಟೆ ಇಟ್ಟಿರುವ ಕಪ್ಪೆಗೆ ಟಾರ್ಚ್ ಬಿಡೋದು ನನಗೆ ಸರಿ ಕಾಣೋದಿಲ್ಲ. ಮಂಗಟ್ಟೆಗೆ ದೂರ ನಿಲ್ಲು ಅಂದವರು ನೀವೇ.

ಮಾವ: ಹೌದು. ಕಾಡಿನ ಕಪ್ಪೆಯನ್ನು ಅದನ್ನು ಓದುವವರಿಗೆ ಬಿಡು. ಅಭ್ಯಾಸಕ್ಕೆ ನಮ್ಮ ತೋಟದ ಕಾಲುವೆಯ ಸಾಮಾನ್ಯ ಕಪ್ಪೆ ಸಾಕು, ಅವಕ್ಕೆ ನಮ್ಮ ಟಾರ್ಚ್ ಹೊಸತಲ್ಲ.

ಅಳಿಯ: ನಾಡಿದ್ದು ಆಟ ಇದೆಯಂತಲ್ಲ. 105 ಒಯ್ತೇನೆ. 300ನ್ನೂ ಚೀಲದಲ್ಲಿ ಹಾಕಲಾ?

ಮಾವ: ಬೇಡ, ಅದನ್ನು ಬದಲಿಸ್ತಾ ಕೂತರೆ ಒಂದು ಪದ್ಯ ಹೋಗ್ತದೆ. 28 ಹಾಕು, ಚೌಕಿಮನೆಯಲ್ಲಿ ಬಣ್ಣ ಬಳಿದುಕೊಳ್ಳುವಾಗ ಬೇಕು. ಆದರೆ ಅದಕ್ಕೆ ಮೊದಲು ಅಡಾಪ್ಟರಿನ ಲೆಕ್ಕ ಮುಗಿಸು. ಬಿಸಿಲು ಇಳಿಯುವ ಒಳಗೆ ಅಂಗಳದ ತುದಿಗೆ ಹೋಗು, ಆ ಗುಡ್ಡದ ಮರ ಹಿಗ್ಗಿಸಿ ನೋಡು, ನಿಜವಾದ ಅನಂತ ಬಂದಲ್ಲಿ ಲೆನ್ಸಿನ ಮೇಲೆ ಬಿಳೀ ಟೇಪಿನ ಚೂರು ಅಂಟಿಸು. ಆಮೇಲೆ ಟೇಪು ಹಿಡಿದು ಅಳೆದು 2 ಮೀಟರಿಗೆ ಒಂದು ಗೆರೆ, 1 ಮೀಟರಿಗೆ ಒಂದು ಗೆರೆ.

ಅಳಿಯ: ಅಳತೆ ಲೆನ್ಸಿನ ತುದಿಯಿಂದಾ?

ಮಾವ: ಅಲ್ಲ. ಕ್ಯಾಮೆರಾದ ನೆತ್ತಿಯ ಮೇಲೆ ನೋಡು, ವೃತ್ತಕ್ಕೆ ಅಡ್ಡಗೆರೆ ಎಳೆದ ಗುರುತು. ಸೆನ್ಸರ್ ಇರೋದು ಅಲ್ಲಿ. ಅಲ್ಲಿಂದ ಹಿಡಿ.